ಮೂರು ಜಗ್ಗು

ಗರಗಸವನ್ನು ಮೂರು ಸಲ ಜಗ್ಗಬೇಕಿತ್ತು. ನಾನು ಒಂದು ಸಲವೂ ಜಗ್ಗಲಿಲ್ಲ. ಹಿಡಿ ಬಿಟ್ಟು ಓಡಿದೆ. ಗರಗಸದ ಇನ್ನೊಂದು ತುದಿಯಲ್ಲಿ ನನ್ನ ಅಣ್ಣ ಇದ್ದ.

ಮೂರು ಜಗ್ಗು ಎಂದರೆ ಎಷ್ಟು ಹೊತ್ತಿನ ಕೆಲಸ? ಕಣ್ಣು ಮೂರು ಸಲ ಮುಚ್ಚಿ ತೆರೆಯುವಷ್ಟು. ಅಷ್ಟು ಹೊತ್ತು ನಿಲ್ಲುವ ಧೈರ್ಯ ನನಗಿರಲಿಲ್ಲ. ಬರೆಯಲು ಕೂತ ಮೇಲೆ ಮೊದಲು ಇದನ್ನೇ ಬರೆಯಬೇಕು ಅನ್ನಿಸಿತು. ಕೊನೆಗೆ ಇಟ್ಟುಕೊಂಡರೆ ಅಲ್ಲಿಯವರೆಗೆ ನಾನು ಒಳ್ಳೆಯವನಂತೆ ಕಾಣಿಸುತ್ತೇನೆ. ಹಾಗೆ ಕಾಣಿಸಿಕೊಂಡೇ ನಾಲ್ಕು ವರ್ಷ ಕಳೆದವನು ನಾನು. ಓದಿದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮದು ಜಗಳೂರು ಕಡೆ. ಪಿಂಜಾರರು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಯುದ್ಧದ ವರ್ಷಗಳಲ್ಲಿ ಗಾದಿ ಹೊಲಿಸುವವರು ಕಡಿಮೆಯಾದರು, ಮರ ಕೊಯ್ಯುವವರು ಮಾತ್ರ ಎಲ್ಲರಿಗೂ ಬೇಕಾದರು. ಅಣ್ಣ ಗರಗಸ ಹಿಡಿದ. ನನಗೆ ಇಪ್ಪತ್ತೆರಡು ತುಂಬಿದಾಗ ನನ್ನನ್ನೂ ಜೊತೆಗೆ ಕರೆದುಕೊಂಡ. ಉದ್ದ ಗರಗಸಕ್ಕೆ ಎರಡು ಹಿಡಿ, ಎರಡು ಜನ ಬೇಕೇ ಬೇಕು.

ಅಣ್ಣನ ಕಿವಿಯ ವಿಷಯ ಇಲ್ಲೇ ಹೇಳಬೇಕು. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದರೆ ಕೇಳುತ್ತಿತ್ತು. ದೊಡ್ಡ ಮರದ ಆಚೆ ಒಬ್ಬ, ಈಚೆ ಒಬ್ಬ ಕೂತರೆ ಮುಖವೂ ಕಾಣುವುದಿಲ್ಲ, ಕೂಗಿದರೆ ಅವನಿಗೆ ಕೇಳುವುದೂ ಇಲ್ಲ. ಅದಕ್ಕೆ ನಾವು ಗರಗಸದಲ್ಲೇ ಮಾತಾಡುತ್ತಿದ್ದೆವು. ಗಿಡ್ಡದಾಗಿ ಒಂದು ಸಲ ಜಗ್ಗಿದರೆ ನಿಲ್ಲಿಸು. ಎರಡು ಸಲ ಜಗ್ಗಿದರೆ ಕೊಯ್ದ ಸೀಳಿಗೆ ಬೆಣೆ ಹೊಡಿ. ಮೂರು ಜಗ್ಗಿದರೆ ಎಲ್ಲ ಬಿಟ್ಟು ಓಡು. ಇನ್ನೊಂದು ಸಂಜ್ಞೆಯೂ ಇತ್ತು. ಒಬ್ಬ ಹಿಡಿಯನ್ನು ಸುಮ್ಮನೆ ಸಡಿಲ ಬಿಟ್ಟರೆ, 'ನನ್ನ ಕಡೆ ಕೆಲಸ ಮುಗಿಯಿತು, ಗರಗಸವನ್ನು ನಿನ್ನ ಕಡೆಗೆ ಎಳೆದುಕೋ' ಎಂದು ಅರ್ಥ. ಮರದ ಭಾರ ಸೀಳಿನ ಮೇಲೆ ಕೂರುವ ಮೊದಲು ಗರಗಸ ಹೊರಗೆ ಬರಬೇಕಲ್ಲ, ಅದಕ್ಕೆ. ಕೇಳುವ ಕೆಲಸ ನನ್ನದು. ಮರದೊಳಗೆ ಎಲ್ಲಾದರೂ ಚಟ್ ಅಂದರೆ ಅದು ನನ್ನ ಕಿವಿಗೆ ಬಿದ್ದು, ನನ್ನ ಕೈಯಿಂದ ಅವನ ಕೈಗೆ ಹೋಗಬೇಕು.

"ನನ್ನ ಕಿವಿ ನೀನು ಹೊತ್ಕಂಡು ತಿರುಗ್ತೀಯ ನೋಡು," ಅನ್ನುತ್ತಿದ್ದ ಅಣ್ಣ. "ಎಲ್ಲ್ಯಾರ ಮರೆತು ಬಂದೀಯ, ಹುಷಾರು."

ಆ ವರ್ಷ ಬೇಸಿಗೆಗೆ ಮುಂಚೆ ನಮ್ಮನ್ನು ಚನ್ನಗಿರಿ ಆಚೆಯ ಕಾಡಿಗೆ ಕರೆಸಿದರು. ಮತ್ತಿ, ಹೊನ್ನೆ ಮರಗಳನ್ನು ಉರುಳಿಸಿ ತುಂಡು ಮಾಡಿ ಕೊಟ್ಟರೆ, ಗಾಡಿಯಲ್ಲಿ ಹೊನ್ನಾಳಿ ಹೊಳೆದಂಡೆಯ ಮರದ ಅಡ್ಡೆಗೆ ಹೋಗುತ್ತಿತ್ತು. ನಮ್ಮ ಮೇಲೆ ಒಬ್ಬ ಮೇಸ್ತ್ರಿ. ಅವನದು ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಮರ ಮುಟ್ಟಿದವನಲ್ಲ, ಆದರೆ ಮನಸ್ಸು ಕೆಟ್ಟದ್ದಲ್ಲ. ಗಾಡಿ ಹೊಡೆಯುವವನು ನ್ಯಾಮತಿ ಕಡೆಯವನು. ಬೇರೆ ಕೊಯ್ಯುವ ಜೋಡಿಗಳು ಗುಡ್ಡದ ಆ ಮಗ್ಗುಲಲ್ಲಿ ಇದ್ದರು, ಕೂಗಿದರೂ ಕೇಳದಷ್ಟು ದೂರ.

ಮೊದಲ ವಾರದಿಂದಲೇ ನನಗೆ ಭಯ. ಹಲಗೆ ಕೊಯ್ಯುವಾಗ ಮರ ಸತ್ತು ಮಲಗಿರುತ್ತದೆ. ಇಲ್ಲಿ ನಿಂತ ಮರದ ಬುಡದಲ್ಲಿ ಮೊಣಕಾಲೂರಿ ಕೂತು ಕೊಯ್ಯಬೇಕು, ಅಷ್ಟೂ ಭಾರ ನೆತ್ತಿಯ ಮೇಲೆ. ಮೂರನೇ ದಿನ ಒಂದು ಒಣ ಕೊಂಬೆ ಗಾಳಿಯೇ ಇಲ್ಲದೆ ಕಳಚಿ, ನಾನು ನೀರು ಕುಡಿದು ಎದ್ದುಬಂದ ಜಾಗದಲ್ಲಿ ನೆಟ್ಟಗೆ ಚುಚ್ಚಿ ನಿಂತಿತು. ಮಣ್ಣಿನ ಬಿಂದಿಗೆ ಚೂರಾಗಿತ್ತು. ಅಂದಿನಿಂದ ಮೇಲಿನ ಕೊಂಬೆ ನೋಡದೆ ಎಲ್ಲೂ ಕೂರುತ್ತಿರಲಿಲ್ಲ. ಅಣ್ಣನಿಗೆ ಹೇಳಲಿಲ್ಲ. ಹೇಳದಿದ್ದರೂ ಅವನಿಗೆ ತಿಳಿಯಿತು.

"ಯಾಕಲೇ ತಮ್ಮಾ, ಹೆದರ್ಕಂಡೀಯ?" ಎಂದ ಒಂದು ದಿನ.

"ಇಲ್ಲ."

"ಸುಳ್ಳು ಬಾಯಾಗ ಹೇಳು, ಗರಗಸದಾಗ ಹೇಳಬ್ಯಾಡ. ನಿನ್ನ ಎದಿ ಡವಡವ ಅನ್ನೋದು ನನ್ನ ಹಿಡಿಗೆ ಬರ್ತೈತೆ."

ಅಣ್ಣನ ಕೈಗಳು ಹಾಗಿದ್ದವು. ಕಿವಿಯಿಂದ ಕಳೆದುಕೊಂಡದ್ದನ್ನೆಲ್ಲ ಅಂಗೈಗೆ ತುಂಬಿಕೊಂಡಿದ್ದ.

ಕಾಡಿನಲ್ಲಿ ನಮಗೆ ಕೊಟ್ಟದ್ದು ಸಮುದ್ರದಾಚೆಯ ಸೀಮೆಯಿಂದ ಬಂದ ಗರಗಸ. ನಾಲ್ಕು ಮೊಳ ಉದ್ದ, ಹೊಟ್ಟೆ ಸ್ವಲ್ಪ ಬಾಗಿದ್ದು. ಅದರ ಹಿಡಿಗಳನ್ನು ತಿರುಪು ಬಿಚ್ಚಿ ತೆಗೆಯಬಹುದಿತ್ತು. ನಮ್ಮ ಕಡೆಯ ಗರಗಸದಲ್ಲಿ ಎಲ್ಲ ಹಲ್ಲೂ ಒಂದೇ ಥರ. ಇದರಲ್ಲಿ ನಾಲ್ಕು ಚೂಪು ಹಲ್ಲು, ಆಮೇಲೆ ಒಂದು ಮೊಂಡು ಇಕ್ಕಳದಂಥ ಹಲ್ಲು. ಅದೇಕೆಂದು ನಮಗೆ ಗೊತ್ತಿರಲಿಲ್ಲ. ಮೊದಲ ದಿನ ಎಲ್ಲವನ್ನೂ ಒಂದೇ ಎತ್ತರಕ್ಕೆ ಉಜ್ಜಿ ಕೊಯ್ದೆವು. ಮಧ್ಯಾಹ್ನದ ಹೊತ್ತಿಗೆ ತೋಳು ಬಿದ್ದುಹೋದವು. ಗರಗಸ ಕುಣಿಯುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ.

ಅಣ್ಣ ಮರದ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿದ. ಜೋಳದ ಹಿಟ್ಟಿನ ಹಾಗೆ ನುಣ್ಣಗಿತ್ತು.

"ಇದು ಕೊಯ್ಯಾಕತ್ತಿಲ್ಲ, ಬೀಸಾಕತ್ತೈತೆ," ಎಂದ.

ಎರಡು ದಿನ ಅವನು ಆ ಹಲ್ಲುಗಳನ್ನು ನೋಡುತ್ತ ಕೂತ. ಚೂಪು ಹಲ್ಲು ಎರಡು ಕಡೆ ಗೀರು ಹಾಕುತ್ತದೆ. ಮೊಂಡು ಹಲ್ಲು ಆ ಎರಡು ಗೀರಿನ ನಡುವಿನ ಮರವನ್ನು ಉಳಿಯಂತೆ ಕೆತ್ತಿ ಹೊರಗೆ ತಳ್ಳುತ್ತದೆ. ಆದ್ದರಿಂದ ಮೊಂಡು ಹಲ್ಲು ಚೂಪು ಹಲ್ಲಿಗಿಂತ ಚೂರೇ ಚೂರು ಗಿಡ್ಡ ಇರಬೇಕು. ಸಮ ಇದ್ದರೆ ಗರಗಸ ಕುಣಿದು ಹಿಟ್ಟು ಬೀಸುತ್ತದೆ, ತೀರ ಗಿಡ್ಡ ಇದ್ದರೆ ಗೀರಿದ ಮರ ಹೊರಗೆ ಬರುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಮುಟ್ಟಿ ಮುಟ್ಟಿ ಕಂಡುಕೊಂಡ. ಎಷ್ಟು ಗಿಡ್ಡ ಎಂದರೆ, ಬೀಡಿಯ ಎಲೆಯೊಂದನ್ನು ಮೊಂಡು ಹಲ್ಲಿನ ಮೇಲಿಟ್ಟರೆ ಅದು ಚೂಪು ಹಲ್ಲಿಗೆ ಸಮ ಬರಬೇಕು. ಅಷ್ಟೇ.

ಹರಿತ ಮಾಡುವ ಕ್ರಮವನ್ನು ನನಗೆ ಕಲಿಸಿದ. ಕಡಿದ ಮರದ ಮೋಟಿನ ಮೇಲೆ ಗರಗಸದಿಂದಲೇ ಸೀಳು ಹಾಕಿ, ಆ ಸೀಳಿನಲ್ಲಿ ಗರಗಸವನ್ನು ಹಲ್ಲು ಮೇಲಾಗಿ ಕೂರಿಸಿ, ಎರಡು ಕಡೆ ಸಣ್ಣ ಬೆಣೆ ಹೊಡೆದು ಬಿಗಿ ಮಾಡಬೇಕು. ಮೊದಲು ಕಬ್ಬಿಣ ಉಜ್ಜುವ ಅರವನ್ನು ಮಲಗಿಸಿ ಎಲ್ಲ ಚೂಪು ಹಲ್ಲಿನ ತಲೆಯನ್ನು ಒಂದು ಸಮಕ್ಕೆ ತರಬೇಕು. ಆಮೇಲೆ ಮೊಂಡು ಹಲ್ಲು. ಆಮೇಲೆ ಒಂದೊಂದೇ ಚೂಪು ಹಲ್ಲನ್ನು ಓರೆಯಾಗಿ ಉಜ್ಜಬೇಕು. ಒಂದು ಎಡಕ್ಕೆ, ಮುಂದಿನದು ಬಲಕ್ಕೆ. ತುದಿಯ ಬಿಳಿ ಹೊಳಪು ಹೋಗುವವರೆಗೆ ಮಾತ್ರ, ಅದಕ್ಕಿಂತ ಒಂದು ಉಜ್ಜು ಹೆಚ್ಚಾಗಬಾರದು. ಹೆಚ್ಚಾದರೆ ಆ ಹಲ್ಲು ಗಿಡ್ಡವಾಗಿ ಕೆಲಸಕ್ಕೆ ಬಾರದೆ ಹೋಗುತ್ತದೆ. ಕೊನೆಗೆ ಸಣ್ಣ ಸುತ್ತಿಗೆಯಿಂದ ತುದಿಗಳನ್ನು ಆಚೆಗೊಂದು ಈಚೆಗೊಂದು ವಾಲಿಸಬೇಕು. ಹಾಗೆ ವಾಲಿಸಿದರೇನೇ ಸೀಳು ಗರಗಸಕ್ಕಿಂತ ಅಗಲವಾಗಿ, ಗರಗಸ ಸಿಕ್ಕಿಕೊಳ್ಳುವುದಿಲ್ಲ.

ವಾಲು ಸರಿ ಬಂದಿದೆಯೇ ಎಂದು ನೋಡಲು ಅಣ್ಣ ಅಪ್ಪನ ದಬ್ಬಣ ತಂದಿದ್ದ, ಗಾದಿ ಹೊಲಿಯುವ ದೊಡ್ಡ ಸೂಜಿ. ಗರಗಸವನ್ನು ಓರೆಯಾಗಿ ಹಿಡಿದು ಹಲ್ಲುಗಳ ನಡುವಿನ ಹಳ್ಳದಲ್ಲಿ ದಬ್ಬಣ ಇಟ್ಟರೆ ಅದು ಈ ತುದಿಯಿಂದ ಆ ತುದಿಗೆ ನಿಲ್ಲದೆ ಜಾರಬೇಕು. ಎಲ್ಲಿ ನಿಂತಿತೋ ಅಲ್ಲಿ ಹಲ್ಲು ತಪ್ಪಿದೆ. ನನ್ನ ಕೈಯಲ್ಲಿ ಅದು ಮೊದಲ ಸಲ ಹದಿನಾಲ್ಕು ಕಡೆ ನಿಂತಿತು.

"ಅಪ್ಪನ ಸೂಜಿ ನಿನ್ನ ಹಲ್ಲಿಗೆ ನಗಾಕತ್ತೈತೆ," ಎಂದ ಅಣ್ಣ.

ಐದನೇ ದಿನ ದಬ್ಬಣ ಜಾರಿತು. ಅಂದು ಮರದಿಂದ ಹಿಟ್ಟು ಬರಲಿಲ್ಲ. ಶ್ಯಾವಿಗೆ ಎಳೆಯಂತೆ ಉದ್ದುದ್ದ ಸುರುಳಿ ಬಂತು. ಗರಗಸ ಹಾಡಿತು ಅನ್ನಬೇಕು. ಅಣ್ಣನಿಗೆ ಕೇಳಿಸದಿದ್ದರೂ ನಕ್ಕ. ಆ ಒಂದು ದಿನ ನನಗೆ ಭಯ ಇರಲಿಲ್ಲ.

ದೊಡ್ಡ ಮತ್ತಿಯ ಸರದಿ ಬಂದದ್ದು ಅದಾದ ಮೇಲೆ. ಇಳಿಜಾರಿನಲ್ಲಿ ನಿಂತಿದ್ದ ಮರ. ಇಬ್ಬರು ಕೈ ಹಿಡಿದು ತಬ್ಬಿದರೂ ಸಾಲದು. ಆಳೆತ್ತರದಲ್ಲಿ ಅದರ ಮೈ ಒಂದು ಕಡೆ ಉಬ್ಬಿತ್ತು. ಇನ್ನೊಂದು ಜೋಡಿ ಅದನ್ನು ನೋಡಿ ಬೇಡವೆಂದು ಹೋಗಿದ್ದರು. ಉಬ್ಬಿದ ಮತ್ತಿಯ ಹೊಟ್ಟೆಯಲ್ಲಿ ನೀರಿರುತ್ತದೆ. ನೀರಿದ್ದ ಕಡೆ ಮರ ಒಳಗೇ ಸೀಳಿರುತ್ತದೆ.

"ಏನ್ರೀ ಸಾಬ್ರೆ," ಎಂದ ಮೇಸ್ತ್ರಿ, ಅಣ್ಣನ ಎಡಗಿವಿಗೆ ಬಗ್ಗಿ. "ನೀವಾರ ಕೆಡವ್ತೀರೋ, ಇದ್ಕೆ ಪೂಜೆ ಮಾಡಿ ಬಿಟ್ಟುಬಿಡಾನೋ?"

ಅಣ್ಣ ಮರಕ್ಕೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. ನನ್ನ ಮುಖ ನೋಡಿದ. ಬೇಡ ಅನ್ನಬಹುದಿತ್ತು ನಾನು. ಅಂದರೆ ಅವನು ಬಿಟ್ಟುಬಿಡುತ್ತಿದ್ದ. ಮೇಸ್ತ್ರಿಯ ಎದುರು ಹೆದರುಪುಕ್ಕಲ ಅನ್ನಿಸಿಕೊಳ್ಳುವುದು ಬೇಡವೆಂದು ಸುಮ್ಮನಿದ್ದೆ.

"ಕೆಡವ್ತೀವಿ," ಎಂದ ಅಣ್ಣ. "ನನ್ನ ತಮ್ಮ ಕೇಳಿಸ್ಕಂತಾನೆ."

ಬೆಳಿಗ್ಗೆಯೇ ಶುರು ಮಾಡಿದೆವು. ಬೀಳಬೇಕಾದ ಕಡೆಗೆ ಕೊಡಲಿಯಿಂದ ಬಾಯಿ ಕಡಿದೆವು. ಹಿಂದಿನಿಂದ ಗರಗಸ ಹಾಕಿದೆವು. ಅಣ್ಣ ಕೆಳಮಗ್ಗುಲಲ್ಲಿ, ನಾನು ಮೇಲುಮಗ್ಗುಲಲ್ಲಿ. ಮೇಲುಮಗ್ಗುಲಿನವನಿಗೆ ಓಡಲು ಜಾಗ ಇರುತ್ತದೆ. ಅಣ್ಣ ಅದನ್ನು ನನಗೆ ಕೊಟ್ಟಿದ್ದ, ಏನೂ ಹೇಳದೆ.

ಮೂರನೇ ಒಂದು ಭಾಗ ಹೋಗುವವರೆಗೆ ಸುರುಳಿ ಸುರುಳಿಯಾಗಿ ಬಂತು. ಅಣ್ಣ ಎರಡು ಜಗ್ಗಿದ, ನಾನು ಬೆಣೆ ಹೊಡೆದೆ. ಅರ್ಧ ದಾಟಿತು. ಈಗ ನಡುವೆ ಬರೀ ಮರ, ಅಣ್ಣನ ಬೆರಳೂ ಕಾಣುತ್ತಿಲ್ಲ. ಆಗ ಸೀಳಿನಿಂದ ನೀರು ಬಂತು. ಮೊದಲು ತೊಟ್ಟಿಕ್ಕಿತು, ಆಮೇಲೆ ಕೊಡ ಬಗ್ಗಿಸಿದಂತೆ ಸುರಿಯಿತು. ಹುಳಿ ವಾಸನೆಯ ಕಪ್ಪು ನೀರು ನನ್ನ ಮೊಣಕಾಲನ್ನು ನೆನೆಸಿತು. ಪುಡಿ ಕೆಸರಾಯಿತು, ಗರಗಸ ಭಾರವಾಯಿತು. ನಾನು ಒಂದು ಜಗ್ಗಿದೆ. ಅಣ್ಣ ನಿಲ್ಲಿಸಿದ. ಸ್ವಲ್ಪ ಹೊತ್ತು ನೀರು ಇಳಿಯಲು ಬಿಟ್ಟೆವು. ಆಮೇಲೆ ಅವನು ಮೆಲ್ಲಗೆ ಎಳೆದ, ಹೋಗೋಣ ಎಂದು. ನನ್ನ ಕೈ ಅವನ ಹಿಂದೆ ಹೋಯಿತು.

ಹತ್ತು ಎಳೆತ ಇರಬಹುದು. ಮರದ ಹೊಟ್ಟೆಯೊಳಗೆ, ಬಹಳ ಮೇಲೆ, ಏನೋ ಸೀಳಿತು. ಚಟ್ ಅಲ್ಲ. ಹೊಸ ಬಟ್ಟೆಯನ್ನು ಯಾರೋ ನಿಧಾನವಾಗಿ ಹರಿದ ಹಾಗೆ. ತಲೆ ಎತ್ತಿದೆ. ಉಬ್ಬಿನಿಂದ ಕೆಳಗೆ ತೊಗಟೆಯಲ್ಲಿ ಒಂದು ಗೆರೆ ಇಳಿದು ಬರುತ್ತಿತ್ತು, ನನ್ನ ಕಡೆಗೆ.

ಕೈ ಬಿಟ್ಟೆ. ಓಡಿದೆ.

ಇಪ್ಪತ್ತು ಹೆಜ್ಜೆ ಹೋದ ಮೇಲೆ, ನನ್ನ ಕೈ ಏನು ಹೇಳಿತು ಎಂದು ನನಗೆ ಹೊಳೆಯಿತು. ಹಿಡಿ ಸಡಿಲವಾಗಿದೆ. ಎಂದರೆ, ನನ್ನ ಕಡೆ ಮುಗಿಯಿತು, ಎಳೆದುಕೋ. ತಿರುಗಿ ನೋಡಿದೆ. ನನ್ನ ಹಿಡಿ ಸೀಳಿನ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು. ಮರದ ಆಚೆ ಅಣ್ಣ ಅಲ್ಲೇ ಕೂತು ಗರಗಸವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ತಮ್ಮ ಎಳೆದುಕೋ ಅಂದಿದ್ದಾನೆ ಎಂದು ನಂಬಿ, ಸಾವಕಾಶವಾಗಿ.

ಕೂಗಿದೆ. ಕೂಗಿ ಏನು ಬಂತು!

ಮರ ಉದ್ದಕ್ಕೆ ಸೀಳಿ ಮೇಲೆದ್ದು, ಬುಡ ಮೋಟಿನಿಂದ ಹಿಂದಕ್ಕೆ ಒದ್ದು, ಕೆಳಮಗ್ಗುಲಿಗೆ ಜಾರಿತು. ನೆಲ ನಡುಗಿತು. ಧೂಳು, ಎಲೆ, ಹಕ್ಕಿಗಳ ಗದ್ದಲ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅಣ್ಣ ಬದುಕಿದ್ದ. ಎಡಗಾಲು, ಮೊಣಕಾಲಿನ ಕೆಳಗೆ, ಬುಡದ ಅಡಿಯಲ್ಲಿ ಸಿಕ್ಕಿತ್ತು. ಕಾಲಿನ ಕೆಳಗೆ ಸಣ್ಣ ತಗ್ಗಿದ್ದರಿಂದ ಪೂರ್ತಿ ಅರೆದಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗರಗಸ ಅವನಿಂದ ಎರಡಾಳು ದೂರದಲ್ಲಿ ಕಲ್ಲಿನ ಮೇಲೆ ಬಿದ್ದಿತ್ತು. ಅದನ್ನು ಹೊರಗೆ ಎಳೆದೇ ಬಿಟ್ಟಿದ್ದ.

ಮೇಸ್ತ್ರಿ, ಗಾಡಿಯವನು ಓಡಿ ಬಂದರು. ಮೇಸ್ತ್ರಿ ತಲೆ ಚಚ್ಚಿಕೊಂಡ. "ಅಯ್ಯೋ ಶಿವನೇ! ಆನೆ ಬಂದ್ರೂ ಎತ್ತಾಕೆ ಆಗಲ್ಲ ಇದನ್ನ! ಕೊಯ್ಯಲೇ, ಇಲ್ಲೇ ಕೊಯ್ಯಿ, ಕಾಲಿನ ಪಕ್ಕಕ್ಕೇ ಕೊಯ್ಯಿ!"

ನಾನು ಗರಗಸ ಎತ್ತಿಕೊಂಡೆ. ಅಣ್ಣನ ತುಟಿ ಅಲುಗಿತು. ಹತ್ತಿರ ಕೂತೆ.

"ಹಲ್ಲು ನೋಡು ಮೊದಲು," ಎಂದ.

ನೋಡಿದೆ. ಕಲ್ಲಿಗೆ ಬಡಿದು ಒಂದು ಮಗ್ಗುಲಿನ ಹಲ್ಲುಗಳು ಮಡಚಿದ್ದವು. ಮೂರನೇ ಒಂದು ಭಾಗ ಕೆಟ್ಟಿತ್ತು. ಮರ ಹಸಿ, ನೀರು ಕುಡಿದದ್ದು. ಈ ಹಲ್ಲಿನಲ್ಲಿ ಕೊಯ್ದರೆ ಗೇಣು ಹೋಗುವಷ್ಟರಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಗರಗಸ ಮತ್ತೆ ಹೊರಗೆ ಬರುವುದಿಲ್ಲ. ಇನ್ನೊಂದು ಜೋಡಿಯ ಗರಗಸ ತರಲು ಗುಡ್ಡ ಸುತ್ತಿ ಹೋಗಿ ಬರುವುದಕ್ಕೆ ಒಂದು ಹೊತ್ತೇ ಬೇಕು. ಇವೆಲ್ಲ ಒಮ್ಮೆಗೇ ತಲೆಗೆ ಬಂದವು. ಮತ್ತೆ ಓಡಿಹೋಗಬೇಕು ಅನ್ನಿಸುತ್ತಿತ್ತು. ಅದನ್ನೂ ಬರೆದುಬಿಡುತ್ತೇನೆ.

ಗರಗಸವನ್ನು ಮೋಟಿನ ಸೀಳಿಗೆ ಕೂರಿಸಿ, ಬೆಣೆ ಹೊಡೆದು, ಅರ ತೆಗೆದುಕೊಂಡೆ.

"ಏನ್ ಮಾಡ್ತೀಯಲೇ?" ಮೇಸ್ತ್ರಿ ಕಿರುಚಿದ. "ಅಲ್ಲಿ ಅಣ್ಣ ಸಾಯಾಕತ್ತಾನೆ, ಇಲ್ಲಿ ಅರ ಹಿಡಕಂಡು ಕುಂತೀಯ? ಮನುಷ್ಯನೋ ಏನು?"

ಮಡಚಿದ ತುದಿಗಳನ್ನು ಮೊದಲು ಸುತ್ತಿಗೆಯಿಂದ ಎಬ್ಬಿಸಿದೆ. ಎರಡು ತುದಿ ಮುರಿದು ಬಿದ್ದವು, ಅವನ್ನು ಬಿಟ್ಟೆ. ತಲೆ ಸಮ ಮಾಡಿದೆ. ಒಂದೊಂದಕ್ಕೆ ಐದೋ ಆರೋ ಉಜ್ಜು. ಅರ ಎರಡು ಸಲ ಜಾರಿ ಬೆರಳಿಗೆ ಹೋಯಿತು. ಬಿಳಿ ಹೊಳಪು ಹೋಯಿತೇ? ಮುಂದಿನದು. ಎಡಕ್ಕೆ. ಮುಂದಿನದು. ಬಲಕ್ಕೆ. ಹಸಿಮರಕ್ಕೆ ವಾಲು ಜಾಸ್ತಿ ಬೇಕೆಂದು ಒಂದೊಂದಕ್ಕೂ ಒಂದು ಪೆಟ್ಟು ಹೆಚ್ಚು ಕೊಟ್ಟೆ. ಅಣ್ಣನ ನರಳಾಟ ಬೆನ್ನಿಗೆ ಬಂದು ಬಡಿಯುತ್ತಿತ್ತು. ಒಮ್ಮೆ ನರಳಾಟ ನಿಂತಿತು. ನನ್ನ ಅರವೂ ನಿಂತಿತು.

"ಉಜ್ಜಲೇ," ಎಂದ ಅಣ್ಣ. ಅರದ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ಮರದ ಮೇಲೆ ಕೈ ಇಟ್ಟುಕೊಂಡಿದ್ದ. ಮೋಟು, ನೆಲ, ಮರ ದಾಟಿ ಆ ಸದ್ದು ಅವನ ಅಂಗೈಗೆ ಬರುತ್ತಿತ್ತೋ ಏನೋ.

ದಬ್ಬಣ ಜಾರಿಸಿದೆ. ಒಂದು ಕಡೆ ನಿಂತಿತು. ಸರಿ ಮಾಡಿ ಮತ್ತೆ ಬಿಟ್ಟೆ. ಹೋಯಿತು.

ಎಲ್ಲಿ ಕೊಯ್ಯಬೇಕು ಎಂದು ಹೇಳಿದ್ದೂ ಅಣ್ಣನೇ. ಕಾಲಿನ ಪಕ್ಕ ಕೊಯ್ದರೆ ಬುಡ ಉರುಳಿ ಮೈಮೇಲೆ ಬರುತ್ತದೆ. "ನೀರೆತ್ತೋ ಏತದ ಮರ ಇರ್ತೈತಲ್ಲ, ಹಂಗೆ ಮಾಡ್ರಿ," ಎಂದ. ಕಾಲಿನಿಂದ ಒಂದು ಮೊಳ ಆಚೆ, ಮರದ ಅಡಿಗೆ ಒಂದು ದಪ್ಪ ತುಂಡನ್ನು ಅಡ್ಡ ಕೊಟ್ಟು ಬಿಗಿ ಮಾಡಬೇಕು. ಅಲ್ಲಿಂದ ನಾಲ್ಕು ಮೊಳ ಆಚೆ ಕೊಯ್ಯಬೇಕು. ಮರ ಎರಡಾದ ಕೂಡಲೇ ಕೊಯ್ದ ತುದಿ ಕೆಳಗೆ ಬೀಳುತ್ತದೆ, ಅಡ್ಡ ತುಂಡಿನ ಮೇಲೆ ತೂಗಿ ಬುಡ ಮೇಲೇಳುತ್ತದೆ. ಆಗ ಎಳೆದುಕೊಳ್ಳಬೇಕು. ಉರುಳದ ಹಾಗೆ ಎರಡೂ ಮಗ್ಗುಲಿಗೆ ಗೂಟ ಹೊಡೆದೆವು.

ಇನ್ನೊಂದು ಹಿಡಿ ಯಾರು ಹಿಡಿಯಬೇಕು? ಮೇಸ್ತ್ರಿ ಅಂಗಿ ಬಿಚ್ಚಿ ಕೂತ. ಹುಟ್ಟಿದಾಗಿನಿಂದ ಗರಗಸ ಎಳೆದವನಲ್ಲ. ನನ್ನ ಕಡೆಗೆ ತಳ್ಳತೊಡಗಿದ. ತಳ್ಳಿದರೆ ಗರಗಸ ಬಾಗುತ್ತದೆ, ಸಿಕ್ಕಿಕೊಳ್ಳುತ್ತದೆ.

"ತಳ್ಳಬ್ಯಾಡ ಅನ್ನು ಆ ಯಪ್ಪಂಗೆ," ಅಣ್ಣ ಬಿದ್ದಲ್ಲಿಂದಲೇ ಹೇಳಿದ. ಅವನ ಅಂಗೈ ಮರದ ಮೇಲೆಯೇ ಇತ್ತು. "ಎಳೀಬೇಕು, ಬಿಡಬೇಕು. ಎಳೀಬೇಕು, ಬಿಡಬೇಕು. ಗಾದಿ ಹೊಲೀತಾನೇನು ಅಂವ?"

"ಕಾಲು ಮರದಡಿ ಐತೆ, ಬಾಯಿ ಮಾತ್ರ ಹೊರಗೈತೆ ನೋಡಪ್ಪ ಸಾಬ್ರದು," ಎಂದ ಮೇಸ್ತ್ರಿ. ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ಮರ ಎರಡು ತುದಿಯಲ್ಲಿ ಕೂತು ನಡುವೆ ತೂಗುತ್ತಿದ್ದುದರಿಂದ ಮೇಲಿನ ಸೀಳು ಮುಚ್ಚಿಕೊಳ್ಳುತ್ತ ಬಂತು. ಗಾಡಿಯವನು ಗರಗಸದ ಬೆನ್ನಿಗೆ ಬೆಣೆ ಹೊಡೆಯುತ್ತಲೇ ಇದ್ದ. ಹೊಸ ಹಲ್ಲು ಸುರುಳಿ ಎಬ್ಬಿಸಿತು. ಆ ಸಂಕಟದಲ್ಲೂ ನನ್ನ ಕಣ್ಣು ಅದನ್ನು ನೋಡಿತು. ಅರ್ಧ ದಾಟಿದ ಮೇಲೆ ಬೆಣೆಗೂ ಬಗ್ಗಲಿಲ್ಲ. ಒಂದು ಹಿಡಿ ಬಿಚ್ಚಿ, ಗರಗಸ ಎಳೆದುಕೊಂಡು, ಮರದ ಅಡಿಯಿಂದ ಹಲ್ಲು ಮೇಲಾಗಿ ಹಾಕಿ, ಕೆಳಗಿನಿಂದ ಮೇಲಕ್ಕೆ ಕೊಯ್ದೆವು. ಪುಡಿಯೆಲ್ಲ ಕಣ್ಣಿಗೆ ಬೀಳುತ್ತಿತ್ತು. ತೋಳುಗಳು ನನ್ನವಲ್ಲ ಅನ್ನಿಸುತ್ತಿತ್ತು. ಪ್ರತಿ ಎಳೆತಕ್ಕೂ ಒಂದೇ ಭಯ. ಮರ ಮತ್ತೆ ಸೀಳಿದರೆ ನಾನು ಮತ್ತೆ ಓಡುತ್ತೇನೆಯೇ?

"ನಿಲ್ರಿ," ಎಂದ ಅಣ್ಣ ಒಮ್ಮೆಲೇ. "ಮಾತಾಡಾಕತ್ತೈತೆ. ಮೂರೇ ಎಳ್ತ. ಮೇಸ್ತ್ರಿ, ನೀ ಕಾಲು ಹಿಂದಕ್ಕಿಟ್ಕ."

ನನಗೆ, ಕಿವಿಯಿದ್ದವನಿಗೆ, ಏನೂ ಕೇಳಿಸಿರಲಿಲ್ಲ.

ಮೂರು ಎಳೆದೆವು. ಮೂರನೆಯದಕ್ಕೆ ಮರ ಕಳಚಿತು. ಈ ತುದಿ ನೆಲಕ್ಕೆ ಅಪ್ಪಳಿಸಿತು, ಬುಡ ಒಂದು ಗೇಣು ಮೇಲೆದ್ದಿತು. ಗಾಡಿಯವನು ಅಣ್ಣನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡ.

ಗಾಡಿಯಲ್ಲಿ ಹುಲ್ಲು ಹಾಸಿ ಚನ್ನಗಿರಿಗೆ ಕರೆದೊಯ್ದೆವು. ಕಾಲು ಉಳಿಯಿತು. ಆಮೇಲೆ ನ್ಯಾಮತಿ ಕಡೆ ಎಲುಬು ಕಟ್ಟುವ ಹಿರಿಯರ ಮನೆಯಲ್ಲಿ ಎರಡು ತಿಂಗಳು ಇಟ್ಟುಕೊಂಡೆವು. ಎಲುಬು ಕೂಡಿತು, ನೆಟ್ಟಗಾಗಲಿಲ್ಲ. ಆ ಗಾಡಿಯ ದಾರಿಯುದ್ದಕ್ಕೂ ಮೇಸ್ತ್ರಿ ಸಿಕ್ಕವರಿಗೆಲ್ಲ ಹೇಳಿದ: "ಈ ಹುಡುಗನ್ನ ಬೈದೆ ನಾನು. ಅರ ಹಿಡಕಂಡು ಕುಂತಿದ್ದಕ್ಕೇ ಅಣ್ಣ ಉಳದಾನೆ. ತಮ್ಮ ಅಂದ್ರೆ ಇಂಥವ ಇರಬೇಕು." ಅಣ್ಣ ಪಕ್ಕದಲ್ಲೇ ಮಲಗಿದ್ದ. ನನ್ನ ಕೈ ಹಿಡಿದುಕೊಂಡು, "ನೀ ಜಗ್ಗಿದ್ದು ನಂಗೆ ಗೊತ್ತಾಗ್ಲಿಲ್ಲ ಕಣೋ. ನೀರು ಬಂದು ಗರಗಸ ಭಾರ ಆಗಿತ್ತಲ್ಲ. ಮೂರೂ ಗೊತ್ತಾಗ್ಲಿಲ್ಲ. ಸಡ್ಲ ಆಗಿದ್ದಷ್ಟೇ ತಿಳೀತು," ಎಂದ.

ಆಗ ಹೇಳಬೇಕಿತ್ತು.

ಹೇಳಲಿಲ್ಲ. ಜಗಳೂರಿಗೆ ಬಂದ ಮೇಲೂ ಹೇಳಲಿಲ್ಲ. ಹೇಳಿಲ್ಲ ಅಂತಲೂ ಅಲ್ಲ. ಎಷ್ಟೋ ಸಲ ಹೇಳಿದ್ದೇನೆ, ಅಣ್ಣನ ಬಲಗಡೆ ಕೂತು. ರೊಟ್ಟಿ ತಿನ್ನುವಾಗ, ಅವನ ಕಾಲಿಗೆ ಎಣ್ಣೆ ತಿಕ್ಕುವಾಗ, ಬಲಗಿವಿಯ ಕಡೆ ಬಾಗಿ ಮೆಲ್ಲಗೆ, "ನಾನು ಜಗ್ಗಲಿಲ್ಲಣ್ಣ" ಅಂದಿದ್ದೇನೆ. ಅದು ಸತ್ತ ಕಿವಿ ಎಂದು ಗೊತ್ತಿದ್ದೇ ಹೇಳಿದ್ದೇನೆ. ಹೇಳಿದ ಸಮಾಧಾನ ನನಗೆ ಬೇಕಿತ್ತು, ಅವನಿಗೆ ಕೇಳಿಸುವುದು ಬೇಕಿರಲಿಲ್ಲ. ಹೀಗೆ ಒಂದೊಂದು ಸಲ ಅಂದಾಗಲೂ ನಾನು ಆ ಕಾಡಿನಿಂದ ಇನ್ನಷ್ಟು ಹೆಜ್ಜೆ ಓಡಿದೆ.

ಅಣ್ಣ ಕುಂಟುತ್ತ ಮನೆಯಲ್ಲೇ ಗರಗಸ ಹರಿತ ಮಾಡಿಕೊಡಲು ಶುರು ಮಾಡಿದ. ಚೆನ್ನಾಗಿ ಮಾಡುತ್ತಿದ್ದ. ಆದರೆ ದಿನ ಕಳೆದಂತೆ ಒಂದು ಹೊಸ ಅಭ್ಯಾಸ ಬಂತು. ಹಲ್ಲಿನ ಮೇಲೆ ಬೆರಳಾಡಿಸಿ, ನಿಂತು, ಮತ್ತೆ ಬೆರಳಾಡಿಸಿ, ನನ್ನನ್ನು ಕರೆಯುತ್ತಿದ್ದ. "ನೀ ಒಮ್ಮೆ ನೋಡು. ನನ್ನ ಕೈ ನಂಬಾಕೆ ಆಗಲ್ಲ." ಗಿರಾಕಿಗಳು ಕೊಟ್ಟ ಗರಗಸದಿಂದ ಮರ ಕೊಯ್ದು ನೋಡಬೇಕಾದರೆ ಬೇರೆಯವರನ್ನು ಕೂರಿಸುತ್ತಿದ್ದ. ತಾನು ಹಿಡಿ ಮುಟ್ಟುತ್ತಿರಲಿಲ್ಲ.

ನಾಲ್ಕನೇ ವರ್ಷ ಒಂದು ಮಧ್ಯಾಹ್ನ ಅತ್ತಿಗೆ ಒಲೆಯ ಮುಂದಿನಿಂದಲೇ ಹೇಳಿದಳು: "ನಿಮ್ಮಣ್ಣ ನಿನ್ನೆಯಿಂದ ಆ ಗರಗಸ ಮುಟ್ಟಿಲ್ಲ. ಕೇಳಿದ್ರೆ, ಕಿವಿ ಹೋಗಿತ್ತು, ಈಗ ಕೈಗೂ ಕೇಳಲ್ಲ, ನಂಗಿನ್ನೇನು ಐತೆ ಅಂತಾನೆ. ನೀನಾರ ಹೇಳಪ್ಪ. ನಿನ್ ಮಾತು ಕೇಳ್ತಾನೆ."

ನನ್ನ ಮಾತು ಕೇಳುತ್ತಾನೆ. ಆ ಮಾತು ನನ್ನನ್ನು ಎಬ್ಬಿಸಿತು. ಅಣ್ಣನ ಕಾಲನ್ನು ಮರ ತೆಗೆದುಕೊಂಡಿತ್ತು. ಅವನ ಕೈಗಳನ್ನು ತೆಗೆದುಕೊಂಡವನು ನಾನು.

ಅಂಗಳದಲ್ಲಿ ಹುಣಸೆಯ ದಿಮ್ಮಿಯೊಂದಿತ್ತು. ಅಣ್ಣನನ್ನು ಬಲವಂತದಿಂದ ಕರೆತಂದು ಅದರ ಆಚೆ ಕೂರಿಸಿ, ಹಿಡಿ ಕೊಟ್ಟೆ. ಬೇಡವೆಂದು ತಲೆಯಾಡಿಸಿದ. ನಾನು ಎಳೆದೆ. ಅಭ್ಯಾಸದ ಕೈ, ಬಿಟ್ಟಿತು, ಎಳೆಯಿತು. ಸೀಳು ಇಳಿದ ಮೇಲೆ ನಿಲ್ಲಿಸಿ, ನಡುವೆ ಎರಡು ಗೂಟಕ್ಕೆ ಒಂದು ಗೋಣಿಚೀಲ ಕಟ್ಟಿ ಇಳಿಬಿಟ್ಟೆ, ಅವನಿಗೆ ನನ್ನ ಕೈ ಕಾಣದಿರಲೆಂದು. ಚೀಲದ ಕೆಳಗೆ ಸೀಳಿಗೆ ಒಂದು ಬಿಂದಿಗೆ ನೀರು ಸುರಿದೆ. ಗರಗಸ ಅಂದಿನ ಹಾಗೆಯೇ ಭಾರವಾಯಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಅವನಿಗೆ ತಿಳಿಯುತ್ತಿದೆ ಎಂದೂ ಗೊತ್ತಿತ್ತು.

ಜಗ್ಗಿದೆ. ಒಂದು. ಎರಡು. ಮೂರು.

ಅಣ್ಣ ಬೆಂಕಿ ಮುಟ್ಟಿದವನಂತೆ ಹಿಡಿ ಬಿಟ್ಟು, ಆ ಕಾಲನ್ನು ಎಳೆದುಕೊಂಡು ತೆವಳಿ ನಾಲ್ಕು ಮಾರು ಹಿಂದೆ ಹೋದ. ಬಾಗಿಲಲ್ಲಿದ್ದ ಅತ್ತಿಗೆ ಕೂಗಿಕೊಂಡಳು. ಧೂಳಿನಲ್ಲಿ ಕೂತು ಅಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ. ಮೊದಲು ನಕ್ಕ.

"ಗೊತ್ತಾತಲ್ಲೋ! ಮೂರೂ ಗೊತ್ತಾತು!" ಎಂದ. ನಗು ಮೆಲ್ಲಗೆ ಇಳಿಯಿತು. "ಮತ್ತೆ ಅವತ್ತು ಯಾಕೆ..."

ಅವನು ನನ್ನ ಮುಖ ನೋಡುತ್ತಿದ್ದ. ಗರಗಸ ಹರಿತ ಮಾಡಿಸಲು ಬಂದಿದ್ದ ಇಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಅತ್ತಿಗೆ ಬಾಗಿಲಲ್ಲಿದ್ದಳು. ಅಣ್ಣನಿಗೆ ಮಾತ್ರ ಕೇಳಿಸುವಂತೆ ಹೇಳುವುದು ಸಾಧ್ಯವಿಲ್ಲ. ಅವನಿಗೆ ಕೇಳಬೇಕಾದರೆ ಬೀದಿಗೇ ಕೇಳಬೇಕು. ಹೋಗಿ ಅವನ ಎಡಗಡೆ, ಧೂಳಿನಲ್ಲಿ ಮೊಣಕಾಲೂರಿದೆ. ಎಡಗಿವಿಗೆ ಬಾಯಿಟ್ಟೆ. ಕೂಗಿದೆ:

"ಅಣ್ಣಾ, ನಿನ್ನ ಕೈದು ಏನೂ ತಪ್ಪಿಲ್ಲ. ನಾನು ಜಗ್ಗಲೇ ಇಲ್ಲ. ಒಂದು ಸಲನೂ ಜಗ್ಗಲಿಲ್ಲ. ಹೆದರಿ ನಿನ್ನ ಬಿಟ್ಟು ಓಡಿದೆ. ತಪ್ಪಾತಣ್ಣ. ನನ್ನದು ತಪ್ಪಾತು."